ಸೋಮಾರಿ ಯಾರು ಸ್ವಾಮಿ, ನೀವಾ ಮಷಿನ್ನಾ?

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗಾದ್ರೂ ಹೋಗಿ ತಲೆ ಎತ್ತಿ ನೋಡಿ. ಒಂದಿಲ್ಲೊಂದು ಬಾಲ್ಕನಿಯಲ್ಲಿ ಎಲಿಪ್ಟಿಕಲ್ ಮಷಿನ್ ಕಾಣುತ್ತೆ. ಒಂದು ಹ್ಯಾಂಡಲ್ ಮೇಲೆ ಟವೆಲ್, ಇನ್ನೊಂದರ ಮೇಲೆ ಮಗುವಿನ ಯೂನಿಫಾರ್ಮ್, ಪೆಡಲ್ ಮೇಲೆ ತುಳಸಿ ಗಿಡದ ಕುಂಡ. ಮನೆಯವರನ್ನ ಕೇಳಿದ್ರೆ ನಾಚಿಕೊಂಡು ನಗ್ತಾರೆ. "ತಗೊಂಡಾಗ ಎರಡು ವಾರ ಮಾಡಿದ್ವಿ, ಆಮೇಲೆ ಡಿಸಿಪ್ಲಿನ್ ಇರ್ಲಿಲ್ಲ" ಅಂತಾರೆ. ಇಪ್ಪತ್ತು ಸಾವಿರ ರೂಪಾಯಿ ಕೊಟ್ಟವನು ತಾನೇ ತಪ್ಪಿತಸ್ಥ ಅಂತ ಒಪ್ಪಿಕೊಂಡುಬಿಡ್ತಾನೆ. ಮಾರಿದವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಇನ್ನೆಲ್ಲಿ ಸಿಗ್ತಾನೆ ಹೇಳಿ?

ನಾನು ಹೇಳೋದು ಇಷ್ಟೇ. ಆ ಮಷಿನ್ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಆಗಿದ್ದಕ್ಕೆ ಮೊದಲ ಕಾರಣ ನಿಮ್ಮ ಸೋಮಾರಿತನ ಅಲ್ಲ, ಅದರ ಡಿಸೈನು. ಅದನ್ನ ಮಾಡಿದವರು ಮನುಷ್ಯನ ಕಾಲಿನ ಅಳತೆ ನೋಡಿ ಮಾಡಲಿಲ್ಲ. ಕೊರಿಯರ್ ಡಬ್ಬದ ಅಳತೆ ನೋಡಿ ಮಾಡಿದರು. ನಿಮ್ಮ ಕಾಲು ಅದನ್ನ ಎರಡೇ ವಾರದಲ್ಲಿ ಕಂಡುಹಿಡೀತು. ನಿಮ್ಮ ತಲೆ ಮಾತ್ರ ಇನ್ನೂ ಕಾಲನ್ನೇ ಬೈತಾ ಇದೆ.

ಇದನ್ನ ಗಟ್ಟಿಯಾಗಿ ಹೇಳೋಕೆ ನನಗೆ ಒಂದು ಹಕ್ಕಿದೆ. ನಾನು ಓದಿದ್ದು ಮೆಕ್ಯಾನಿಕಲ್ ಬಿ.ಇ., ಮಾಡ್ತಿರೋದು ಸಾಫ್ಟ್‌ವೇರ್. ನಮ್ಮ ಪೈಕಿ ಇಂಥವರು ಎಷ್ಟು ಜನ ಇದ್ದೀವಿ ಅಂತ ಯಾವುದಾದರೂ ಆಫೀಸಿನ ಕ್ಯಾಂಟೀನಿನಲ್ಲಿ ಕೂಗಿ ಕೇಳಿದ್ರೆ ಗೊತ್ತಾಗುತ್ತೆ. ನಾಲ್ಕನೇ ಸೆಮಿಸ್ಟರಿನಲ್ಲಿ ಕೈನಮ್ಯಾಟಿಕ್ಸ್ ಆಫ್ ಮಷಿನ್ಸ್ ಅನ್ನೋ ಪೇಪರ್ ಇತ್ತು, ನೆನಪಿದೆಯಾ? ಫೋರ್ ಬಾರ್ ಲಿಂಕೇಜ್, ಗ್ರಾಶಾಫ್ ನಿಯಮ, ಸ್ಲೈಡರ್ ಕ್ರ್ಯಾಂಕ್. ಡ್ರಾಯಿಂಗ್ ಶೀಟ್ ಮೇಲೆ ಕಂಪಾಸ್ ಹಿಡಿದು ಬರೆದು, ಮಾರ್ಕ್ಸ್ ತಗೊಂಡು, ಕ್ಯಾಂಪಸ್ ಇಂಟರ್‌ವ್ಯೂ ದಿನ ಗಂಗೆಯಲ್ಲಿ ಬಿಟ್ಟುಬಂದ್ವಿ. ಈಗ ಅದೇ ಲಿಂಕೇಜ್ ನಮ್ಮ ಬಾಲ್ಕನಿಯಲ್ಲಿ ನಿಂತಿದೆ. ನಾವು ಅದರ ಮುಂದೆ ನಿಂತು "ಬ್ಲೂಟೂತ್ ಇದೆಯಾ?" ಅಂತ ಕೇಳ್ತೀವಿ.

ಒಂದು ಸಲ ಆ ಮಷಿನ್ನಿನ ಪ್ಲಾಸ್ಟಿಕ್ ಕವಚ ಕಳಚಿದ ಹಾಗೆ ಊಹಿಸಿಕೊಳ್ಳಿ. ಒಳಗೆ ಇರೋದು ಬಹಳ ಸರಳ. ಹಿಂದೆ ಒಂದು ಚಕ್ರ, ಅದಕ್ಕೆ ಕಚ್ಚಿಕೊಂಡ ಕ್ರ್ಯಾಂಕ್. ಕ್ರ್ಯಾಂಕಿನ ತುದಿಗೆ ಒಂದು ಉದ್ದನೆಯ ಸಲಾಕೆ. ಸಲಾಕೆಯ ಇನ್ನೊಂದು ತುದಿ ಮುಂದಕ್ಕೆ ಹೋಗಿ, ಕೈ ಹಿಡಿಯೋ ಹ್ಯಾಂಡಲಿನ ಕೆಳತುದಿಗೆ ಸೇರುತ್ತೆ. ದೊಡ್ಡ ಜಿಮ್ ಮಷಿನ್ ಆದ್ರೆ ಕೆಲವದರಲ್ಲಿ ಆ ತುದಿಗೆ ಗಾಲಿ ಇರುತ್ತೆ, ಅದು ಒಂದು ಇಳಿಜಾರು ಹಳಿಯ ಮೇಲೆ ಉರುಳುತ್ತೆ. ನೀವು ಕಾಲಿಡೋದು ಈ ಸಲಾಕೆಯ ಮಧ್ಯೆ ಎಲ್ಲೋ ಒಂದು ಕಡೆ.

ಈಗ ಗಮನಿಸಿ. ಸಲಾಕೆಯ ಹಿಂದಿನ ತುದಿ ಪೂರ್ತಿ ವೃತ್ತದಲ್ಲಿ ಸುತ್ತುತ್ತೆ. ಮುಂದಿನ ತುದಿ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹಿಂದೆ ಮುಂದೆ ಹೋಗುತ್ತೆ. ವೃತ್ತಕ್ಕೂ ಗೆರೆಗೂ ನಡುವೆ ಇರೋ ಪ್ರತಿಯೊಂದು ಬಿಂದುವೂ ಚಪ್ಪಟೆ ಮಾಡಿದ ವೃತ್ತವನ್ನ, ಅಂದ್ರೆ ಮೊಟ್ಟೆಯಾಕಾರವನ್ನ ಬರೆಯುತ್ತೆ. ಎಲಿಪ್ಟಿಕಲ್ ಅನ್ನೋ ಹೆಸರು ಬಂದಿದ್ದೇ ಇಲ್ಲಿಂದ. ಕ್ರ್ಯಾಂಕಿನ ಹತ್ತಿರ ಕಾಲಿಟ್ಟರೆ ಮೊಟ್ಟೆ ದುಂಡಗೆ, ದೂರ ಕಾಲಿಟ್ಟರೆ ಚಪ್ಪಟೆ. ಇಡೀ ಮಷಿನ್ನಿನ ಒಳ್ಳೆಯದು ಕೆಟ್ಟದ್ದು ಎರಡೂ ಈ ಎರಡು ವಾಕ್ಯದಲ್ಲೇ ಇದೆ.

ಲೆಕ್ಕ ಹಾಕೋಣ, ಕಷ್ಟದ್ದೇನಲ್ಲ. ಕಾಲು ಹಿಂದೆ ಮುಂದೆ ಹೋಗೋ ದೂರ ಸುಮಾರಾಗಿ ಕ್ರ್ಯಾಂಕ್ ಉದ್ದದ ಎರಡರಷ್ಟು. ಕ್ರ್ಯಾಂಕ್ 15 ಸೆಂಟಿಮೀಟರ್ ಇದ್ದರೆ ನಿಮ್ಮ ಹೆಜ್ಜೆ 30 ಸೆಂಟಿಮೀಟರ್, ಅಂದ್ರೆ 12 ಇಂಚು. ಮನೆಗೆ ಅಂತ ಮಾರೋ ಅಗ್ಗದ ಮಷಿನ್‌ಗಳಲ್ಲಿ 12ರಿಂದ 14 ಇಂಚು ಸಾಮಾನ್ಯ. ಮಾಮೂಲಿ ಎತ್ತರದ ಮನುಷ್ಯ ರಸ್ತೆಯಲ್ಲಿ ಆರಾಮಾಗಿ ನಡೀವಾಗ ಇಡೋ ಹೆಜ್ಜೆ 70 ಸೆಂಟಿಮೀಟರ್ ಆಸುಪಾಸು. ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ನಿಮ್ಮನ್ನ ಅರ್ಧ ಗಂಟೆ ನಡೆಸ್ತಾರೆ. ಕಾಲಿಗೆ ಹಗ್ಗ ಕಟ್ಟಿ ಮೇಯೋಕೆ ಬಿಟ್ಟ ದನದ ನಡಿಗೆ ನೋಡಿದ್ದೀರಲ್ಲ, ಅದೇ.

ಕಾಲು ಮೇಲೇಳೋ ಎತ್ತರದ ಕಥೆ ಇನ್ನೂ ಕೆಟ್ಟದ್ದು. ಸಲಾಕೆ ಗಿಡ್ಡ ಆದಷ್ಟೂ ಕಾಲಿಡೋ ಜಾಗ ಕ್ರ್ಯಾಂಕಿಗೆ ಹತ್ತಿರ ಆಗುತ್ತೆ. ಹತ್ತರಲ್ಲಿ ಆರು ಪಾಲು ಕ್ರ್ಯಾಂಕ್ ಕಡೆಗಿದ್ದರೆ, ಅದೇ 15 ಸೆಂಟಿಮೀಟರ್ ಕ್ರ್ಯಾಂಕಿಗೆ ಕಾಲು 18 ಸೆಂಟಿಮೀಟರ್ ಮೇಲೇಳುತ್ತೆ. 30 ಉದ್ದ, 18 ಎತ್ತರ. ಇದನ್ನ ನಡಿಗೆ ಅಂತಾರಾ? ಇದು ಮೆಟ್ಟಿಲು ಹತ್ತೋದು, ಅದೂ ಮೇಲಿನ ಮಹಡಿಗೆ ತಲುಪದೇ ಇರೋ ಮೆಟ್ಟಿಲು. ಅದೇ 25 ಸೆಂಟಿಮೀಟರ್ ಕ್ರ್ಯಾಂಕ್, ಉದ್ದನೆಯ ಸಲಾಕೆ, ಕಾಲಿಡೋ ಜಾಗ ಹತ್ತರಲ್ಲಿ ಮೂರು ಪಾಲಿನಲ್ಲಿ ಅಂತ ಇಟ್ಟುಕೊಳ್ಳಿ. ಹೆಜ್ಜೆ 50, ಎತ್ತರ 15. ಮೊಣಕಾಲು ಕಡಿಮೆ ಮಡಚುತ್ತೆ, ಸೊಂಟದಿಂದ ಕಾಲು ಬೀಸುತ್ತೆ. ಎರಡಕ್ಕೂ ಬಳಸೋದು ಅದೇ ಕಬ್ಬಿಣ, ಅದೇ ವೆಲ್ಡಿಂಗು. ಬದಲಾಗಿದ್ದು ಅಳತೆ ಮಾತ್ರ.

ಇದೇನು ಹೊಸ ಜ್ಞಾನವೂ ಅಲ್ಲ. 1951ರಲ್ಲೇ ಅಮೆರಿಕದ ಎಂಐಟಿಯಿಂದ ಹ್ರೋನ್ಸ್ ಮತ್ತು ನೆಲ್ಸನ್ ಅನ್ನೋರು ಒಂದು ದಪ್ಪ ಪುಸ್ತಕ ತಂದರು. ಫೋರ್ ಬಾರ್ ಲಿಂಕೇಜಿನ ಸಲಾಕೆಯ ಮೇಲಿನ ಬಿಂದುಗಳು ಯಾವ್ಯಾವ ದಾರಿ ಬರೆಯುತ್ತವೆ ಅಂತ 7000ಕ್ಕೂ ಹೆಚ್ಚು ಚಿತ್ರ ಅದರಲ್ಲಿದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎಂಜಿನಿಯರು ಪುಟ ತಿರುಗಿಸಿ, ತನಗೆ ಬೇಕಾದ ದಾರಿ ಹುಡುಕಿ, ಆ ಅಳತೆ ತಗೊಳ್ತಿದ್ದ. ಈಗ ಯಾವ ಲ್ಯಾಪ್‌ಟಾಪಿನಲ್ಲಾದ್ರೂ ಒಂದು ಸಂಜೆಯಲ್ಲಿ ಈ ದಾರಿಯನ್ನ ಬರೆದು ನೋಡಬಹುದು. ಅಂದಮೇಲೆ 12 ಇಂಚಿನ ಹೆಜ್ಜೆ ಗೊತ್ತಿಲ್ಲದೆ ಆದದ್ದಲ್ಲ. ಗೊತ್ತಿದ್ದೇ ಆರಿಸಿಕೊಂಡಿದ್ದು.

ಯಾಕೆ ಆರಿಸಿಕೊಂಡ್ರು? ಕ್ರ್ಯಾಂಕ್ ಉದ್ದ ಮಾಡಿದ್ರೆ ಮಷಿನ್ ಉದ್ದ ಆಗುತ್ತೆ. ಮಷಿನ್ ಉದ್ದ ಆದ್ರೆ ಡಬ್ಬ ದೊಡ್ಡದಾಗುತ್ತೆ. ಡಬ್ಬ ದೊಡ್ಡದಾದ್ರೆ ಸಾಗಾಟದ ಖರ್ಚು ಜಾಸ್ತಿ, 2 ಬಿಎಚ್‌ಕೆ ಬಾಲ್ಕನಿಯಲ್ಲಿ ಹಿಡಿಸಲ್ಲ, ಜಾಹೀರಾತಿನಲ್ಲಿ "ಕಾಂಪ್ಯಾಕ್ಟ್" ಅಂತ ಬರೆಯೋಕಾಗಲ್ಲ. ಅದಕ್ಕೆ ಕತ್ತರಿ ಹಾಕಿದ್ದು ನಿಮ್ಮ ಹೆಜ್ಜೆಗೆ. ಜಾಗ ಕಡಿಮೆ ಅನ್ನೋದು ನಿಜವಾದ ಸಮಸ್ಯೆ, ನಾನೂ ಒಪ್ತೀನಿ. ಆದರೆ ಆ ವಿಷಯ ಡಬ್ಬದ ಮೇಲೆ ಬರೀಬೇಕಿತ್ತಲ್ವಾ? "ಇದು ಗಿಡ್ಡ ಹೆಜ್ಜೆಯ ಮಷಿನ್, ಮೆಟ್ಟಿಲು ಹತ್ತಿದ ಹಾಗಿರುತ್ತೆ, ಮಂಡಿನೋವಿದ್ದವರು ಮೊದಲು ಹತ್ತಿ ನೋಡಿ ತಗೊಳ್ಳಿ" ಅಂತ. ಅದರ ಬದಲು ಬರೆದದ್ದು "ಮಂಡಿಗೆ ಹಿತ" ಅಂತ.

ಈ "ಮಂಡಿಗೆ ಹಿತ" ಅನ್ನೋ ಮಾತಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಕಾಲು ಪೆಡಲನ್ನ ಬಿಟ್ಟು ಮೇಲೇಳೋದಿಲ್ಲ, ಹಾಗಾಗಿ ಓಡುವಾಗ ನೆಲಕ್ಕೆ ಬಡಿಯೋ ಪೆಟ್ಟು ಇಲ್ಲಿಲ್ಲ. ಇದು ಸತ್ಯ. ಆದರೆ ಮಂಡಿಗೆ ಆಗೋ ಕಷ್ಟ ಪೆಟ್ಟೊಂದರಿಂದಲೇ ಅಲ್ಲ. ಭಾರ ಹೊತ್ತು ಎಷ್ಟು ಮಡಚ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಮೆಟ್ಟಿಲು ಇಳಿಯುವಾಗ ಹತ್ತುವಾಗ ಅಯ್ಯೋ ಅನ್ನೋ ಅಮ್ಮನನ್ನ ಕೇಳಿ, ಪೆಟ್ಟಿಗೂ ಮಡಚೋದಕ್ಕೂ ಇರೋ ವ್ಯತ್ಯಾಸ ಅವರು ಹೇಳ್ತಾರೆ. ಇನ್ನೊಂದು, ಎರಡು ಪೆಡಲ್ ನಡುವಿನ ಅಗಲ. ಮನುಷ್ಯ ನಡೀವಾಗ ಪಾದಗಳು ಹತ್ತತ್ತಿರ ಬೀಳುತ್ತವೆ. ಈ ಮಷಿನ್‌ಗಳಲ್ಲಿ ಚಕ್ರ, ಬೆಲ್ಟು, ಕವಚ ಎಲ್ಲಾ ಎರಡು ಕಾಲಿನ ನಡುವೆ ತುರುಕಿರೋದರಿಂದ ಕಾಲು ಅಗಲಿಸಿ ನಿಲ್ಲಬೇಕು. ಗೇಣಗಲದ ಬದು ಮೇಲೆ ನಡೆದು ಬೆಳೆದ ಕಾಲಿಗೆ ಗಾಡಿಜಾಡಿನಲ್ಲಿ ಎರಡೂ ಕಡೆ ಕಾಲಿಟ್ಟು ನಡಿ ಅಂದ ಹಾಗೆ.

ನನ್ನ ಸಹೋದ್ಯೋಗಿಯೊಬ್ಬ ಚನ್ನರಾಯಪಟ್ಟಣದ ಕಡೆಯವನು. ಮಂಡಿನೋವಿನ ಅಮ್ಮನಿಗೆ ಅಂತ ಇಂಥದ್ದೊಂದು ಮಷಿನ್ನನ್ನ ಆನ್‌ಲೈನಿನಲ್ಲಿ ತರಿಸಿ ಊರಿಗೆ ಕಳಿಸಿದ. ಅಮ್ಮ ಐದಡಿ ಇಲ್ಲ. ಸೀರೆ ಎತ್ತಿ ಕಟ್ಟಿಕೊಂಡು ನಾಲ್ಕು ದಿನ ಹತ್ತಿ ಇಳಿದರಂತೆ. ಹಿಮ್ಮಡಿ ಮೇಲೇಳುತ್ತೆ, ಬೆರಳ ತುದಿ ಜೋಮು ಹಿಡಿಯುತ್ತೆ, ಮಂಡಿ ಒಳಗೆ ಹಿಂಡುತ್ತೆ. ಐದನೇ ದಿನ ಮಗನಿಗೆ ಫೋನು: "ಮಷಿನ್ ಚೆನ್ನಾಗೈತೆ ಕಣಪ್ಪ, ನನ್ನ ಕಾಲೇ ಸರಿ ಇಲ್ಲ. ಅಷ್ಟು ದುಡ್ಡು ಕೊಟ್ಟಿದ್ದೀಯ, ಬೇಜಾರ್ ಮಾಡ್ಕೋಬೇಡ." ಅವನು ಇದನ್ನ ಹೇಳುವಾಗ ನಗ್ತಾ ಹೇಳಿದ. ನನಗೆ ನಗು ಬರಲಿಲ್ಲ. ನಲವತ್ತು ವರ್ಷ ಗದ್ದೆ ಕೆಲಸ ಮಾಡಿದ ಕಾಲು ಅದು. ಗಿಡ್ಡ ಸಲಾಕೆ ಹಾಕಿದ ಒಂದು ಮಷಿನ್ ಆ ಕಾಲಿಗೆ ನೀನೇ ಸರಿ ಇಲ್ಲ ಅಂತ ಹೇಳಿ ಒಪ್ಪಿಸಿಬಿಡ್ತಲ್ಲ!

ಅದೇ ಊರಿನ ಬಡಗಿ ಹೀಗೆ ಮಾಡಲ್ಲ. ಗುದ್ದಲಿಗೆ ಕಾವು ಹಾಕಿಸೋಕೆ ಹೋದರೆ ಮೊದಲು ನಿಮ್ಮನ್ನ ಮೇಲಿಂದ ಕೆಳಗೆ ನೋಡ್ತಾನೆ. ಯಾರು ಅಗೆಯೋದು ಅಂತ ಕೇಳ್ತಾನೆ. ಆಳಿನ ಎತ್ತರಕ್ಕೆ ತಕ್ಕ ಕಾವು. ಕಾವು ಗಿಡ್ಡ ಆದ್ರೆ ಸೊಂಟ ಹೋಗುತ್ತೆ ಅಂತ ಅವನಿಗೆ ಯಾವ ಯೂನಿವರ್ಸಿಟಿಯೂ ಹೇಳಿಕೊಡಲಿಲ್ಲ. ಸೊಂಟ ಹೋದವನು ವಾಪಸ್ ಬಂದು ಅಂಗಳದಲ್ಲಿ ನಿಂತು ಬೈತಾನೆ, ಅದು ಹೇಳಿಕೊಡ್ತು. ನಮ್ಮ ಮಷಿನ್ ಮಾಡಿದವನ ಅಂಗಳ ಎಲ್ಲಿದೆ? ನಾವು ಬೈಯ್ಯೋದು ನಮ್ಮನ್ನೇ.

ಒಂದು ಒಳ್ಳೆಯ ಉದಾಹರಣೆ ಇಲ್ಲ ಅಂತಲ್ಲ. ಈ ಮಷಿನ್ನನ್ನ ಜಿಮ್‌ಗಳಲ್ಲಿ ಜನಪ್ರಿಯ ಮಾಡಿದ್ದು ಸಿಯಾಟಲ್ ಹತ್ತಿರದ ಪ್ರಿಕೋರ್ ಕಂಪನಿ, 1995ರಲ್ಲಿ, ಇಎಫ್‌ಎಕ್ಸ್ ಅನ್ನೋ ಹೆಸರಲ್ಲಿ. ಹಿಂದೆ ಚಕ್ರ, ಮುಂದೆ ಗಾಲಿ ಉರುಳೋ ಇಳಿಜಾರು ಹಳಿ. ಆ ಹಳಿಯ ಓರೆಯನ್ನ ಬದಲಾಯಿಸಿದ್ರೆ ಕಾಲಿನ ದಾರಿಯೇ ಓರೆಯಾಗುತ್ತೆ, ಒಂದೇ ಮಷಿನ್ನಿನಲ್ಲಿ ನಡಿಗೆಯೂ ಉಂಟು, ಏರುವುದೂ ಉಂಟು. ಮುಂದೆ ಅದೇ ಕಂಪನಿ ನಿಮ್ಮ ಕಾಲು ಎಷ್ಟು ಚಾಚುತ್ತೋ ಅಷ್ಟೇ ಹೆಜ್ಜೆ ಕೊಡೋ ಮಷಿನ್ನನ್ನೂ ಮಾಡ್ತು. ಅಂದ್ರೆ ಮನುಷ್ಯ ಮಷಿನ್ನಿಗೆ ಹೊಂದೋ ಬದಲು ಮಷಿನ್ ಮನುಷ್ಯನಿಗೆ ಹೊಂದೋದು ಸಾಧ್ಯ ಅಂತ ತೋರಿಸಿಕೊಟ್ಟರು. 2021ರಲ್ಲಿ ಆ ಕಂಪನಿಯನ್ನ ಪೆಲೊಟಾನ್ 42 ಕೋಟಿ ಡಾಲರ್ ಕೊಟ್ಟು ಕೊಂಡುಕೊಳ್ತು. ಪೆಲೊಟಾನ್ ಹೆಸರಾಗಿದ್ದು ಯಾವುದರಿಂದ? ಪರದೆ ಹಚ್ಚಿದ ಸೈಕಲ್ ಮತ್ತು ತಿಂಗಳ ಚಂದಾದಿಂದ. ಕಾಲವೇ ಹಾಗಿದೆ. ಲಿಂಕೇಜ್ ಗೊತ್ತಿದ್ದವನನ್ನ ಪರದೆ ಗೊತ್ತಿದ್ದವನು ಕೊಳ್ತಾನೆ.

ಪರದೆ ಅಂದ್ರೆ ನೆನಪಾಯ್ತು, ಆ ಕ್ಯಾಲೊರಿ ಲೆಕ್ಕಕ್ಕೆ ಬರೋಣ. ಇದು ಪೂರ್ತಿ ನಮ್ಮ ಇಲಾಖೆ.

ಅಗ್ಗದ ಮಷಿನ್‌ಗಳಲ್ಲಿ ತಿರುಗೋ ಪುಲ್ಲಿಯ ಮೇಲೆ ಒಂದು ಪುಟಾಣಿ ಆಯಸ್ಕಾಂತ ಅಂಟಿಸಿರ್ತಾರೆ. ಅದು ಒಂದು ಸ್ವಿಚ್ಚಿನ ಮುಂದೆ ಹಾದುಹೋದಾಗಲೆಲ್ಲಾ ಒಂದು ಟಿಕ್. ಪರದೆಗೆ ಬರೋ ಮಾಹಿತಿ ಅಷ್ಟೇ. ಭಾರ ಹೆಚ್ಚು ಕಡಿಮೆ ಮಾಡೋ ಗುಂಡಿ ಇದೆಯಲ್ಲ, ಅದಕ್ಕೂ ಪರದೆಗೂ ಸಂಬಂಧವೇ ಇಲ್ಲ. ಅದು ಸೈಕಲ್ ಬ್ರೇಕಿನ ಥರದ ಒಂದು ಕೇಬಲ್ ಎಳೆದು, ಚಕ್ರದ ಹತ್ತಿರಕ್ಕೆ ಆಯಸ್ಕಾಂತಗಳನ್ನ ತರುತ್ತೆ, ಚಕ್ರದಲ್ಲಿ ಸುಳಿವಿದ್ಯುತ್ ಹುಟ್ಟಿ ಎದುರು ತಳ್ಳುತ್ತೆ. ಹಾಗಾಗಿ ಒಂದನೇ ನಂಬರಲ್ಲಿ ಗಾಳಿ ತುಳಿದ ಹಾಗೆ ತುಳಿದ್ರೂ, ಎಂಟನೇ ನಂಬರಲ್ಲಿ ಬೆವರು ಸುರಿಸಿದ್ರೂ, ವೇಗ ಒಂದೇ ಇದ್ದರೆ ಪರದೆ ತೋರಿಸೋ ಕ್ಯಾಲೊರಿ ಒಂದೇ. ಟಿಕ್‌ಗಳನ್ನ ಒಂದು ಹಾರ್ಡ್‌ಕೋಡ್ ಮಾಡಿದ ಸಂಖ್ಯೆಯಿಂದ ಗುಣಿಸಿದ್ದಾರೆ, ಮುಗೀತು. ನಮ್ಮ ಟೀಮಿನಲ್ಲಿ ಯಾರಾದ್ರೂ ಹೀಗೊಂದು ಕೋಡ್ ಬರೆದು ರಿವ್ಯೂಗೆ ಕಳಿಸಿದ್ರೆ ಒಪ್ಪಿಕೊಳ್ತೀವಾ? ಅನುಮಾನ ಇದ್ದರೆ ಇವತ್ತೇ ನೋಡಿ: ಕಡಿಮೆ ಭಾರದಲ್ಲಿ ಎರಡು ನಿಮಿಷ, ಜಾಸ್ತಿ ಭಾರದಲ್ಲಿ ಎರಡು ನಿಮಿಷ, ವೇಗ ಅದೇ ಇರಲಿ, ಎರಡು ಸಂಖ್ಯೆ ಹೋಲಿಸಿ.

ನಿಜವಾದ ಲೆಕ್ಕ ಹೀಗಿರುತ್ತೆ. ನೀವು ಪೆಡಲ್ ಮೇಲೆ 100 ವ್ಯಾಟ್ ಕೆಲಸ ಅರ್ಧ ಗಂಟೆ ಮಾಡಿದ್ರೆ 180 ಕಿಲೋಜೂಲ್, ಅಂದ್ರೆ ಸುಮಾರು 43 ಕಿಲೋಕ್ಯಾಲೊರಿ. ಮನುಷ್ಯನ ಸ್ನಾಯು ತಿಂದದ್ದರಲ್ಲಿ ಕಾಲು ಭಾಗದಷ್ಟನ್ನ ಮಾತ್ರ ಕೆಲಸವಾಗಿ ಕೊಡುತ್ತೆ, ಮಿಕ್ಕಿದ್ದು ಬೆವರು ಬಿಸಿ. ಹಾಗಾಗಿ ಖರ್ಚಾಗೋದು 170-180ರ ಹತ್ತಿರ. ಇದನ್ನ ಹೇಳೋಕೆ ಮಷಿನ್ನಿಗೆ ಎಷ್ಟು ಬಲ ಹಾಕಿದ್ರಿ ಅನ್ನೋದು ಗೊತ್ತಿರಬೇಕು. ಗೊತ್ತಿಲ್ಲದ ಮಷಿನ್ ತೋರಿಸೋ ಸಂಖ್ಯೆ ಜಾತ್ರೆಯ ಗಿಣಿಶಾಸ್ತ್ರ. ತಮಾಷೆ ಅಂದ್ರೆ, ಮಾಡಿದವರು ಇದನ್ನ ಒಪ್ಪಿಕೊಂಡೂ ಇರ್ತಾರೆ. ಎಲಿಪ್ಟಿಕಲ್‌ಗಳಿಗೆ ಐಎಸ್‌ಒ 20957ರ 9ನೇ ಭಾಗ ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಕೆಲವು ಮಷಿನ್‌ಗಳ ಸ್ಟಿಕ್ಕರ್ ಮೇಲೆ "ಎಚ್‌ಸಿ" ಅಂತ ಇರುತ್ತೆ. ಎಚ್ ಅಂದ್ರೆ ಮನೆ ಬಳಕೆ. ಸಿ ಅಂದ್ರೆ ಎ, ಬಿ, ಸಿ ಮೂರರಲ್ಲಿ ಅತಿ ಕಡಿಮೆ ನಿಖರತೆಯ ವರ್ಗ. ಆ ಸ್ಟಿಕ್ಕರನ್ನ ಹೊಟ್ಟೆಯಡಿ ಅಂಟಿಸಿ, ಮುಂದುಗಡೆ "ಅಕ್ಯುರೇಟ್ ಕ್ಯಾಲೊರಿ ಟ್ರ್ಯಾಕಿಂಗ್" ಅಂತ ದಪ್ಪಕ್ಷರದಲ್ಲಿ ಬರೀತಾರೆ.

ಇನ್ನು ಫ್ಲೈವೀಲ್. "6 ಕೆಜಿ ಫ್ಲೈವೀಲ್ ಸರ್!" ಅಂತ ಅಂಗಡಿಯವನು ಚಿನ್ನ ತೂಗಿದ ಹಾಗೆ ಹೇಳ್ತಾನೆ. ಹಳ್ಳಿಯಲ್ಲಿ ಟೈಲರ್ ಅಂಗಡಿ ಮುಂದೆ ಕೂತವರಿಗೆ ಇದರ ಮರ್ಮ ಗೊತ್ತು. ಕಾಲಲ್ಲಿ ತುಳಿಯೋ ಹೊಲಿಗೆ ಮಷಿನ್ನೂ ಇದೇ ಲಿಂಕೇಜ್, ತುಳಿಯೋ ಪಟ್ಟಿ, ಸಲಾಕೆ, ಕ್ರ್ಯಾಂಕ್. ಶುರು ಮಾಡುವಾಗ ಟೈಲರ್ ಕೈಯಲ್ಲಿ ಚಕ್ರಕ್ಕೊಂದು ಸಣ್ಣ ತಳ್ಳು ಕೊಡ್ತಾನೆ, ನೋಡಿದ್ದೀರಾ? ಕ್ರ್ಯಾಂಕ್ ಒಂದು ಜಾಗದಲ್ಲಿದ್ದಾಗ ಎಷ್ಟು ತುಳಿದ್ರೂ ಚಕ್ರ ತಿರುಗಲ್ಲ, ಅದನ್ನ ದಾಟಿಸೋಕೆ ಆ ತಳ್ಳು. ಒಮ್ಮೆ ತಿರುಗಿದ ಮೇಲೆ ಚಕ್ರದ ಓಟವೇ ದಾಟಿಸುತ್ತೆ. ಎಲಿಪ್ಟಿಕಲ್‌ನಲ್ಲೂ ಅಷ್ಟೇ. ಒಂದು ಕಾಲು ತುತ್ತತುದಿಯಲ್ಲಿ, ಇನ್ನೊಂದು ತಳದಲ್ಲಿ ಇದ್ದಾಗ ನಿಮ್ಮ ದೇಹದ ಭಾರ ಚಕ್ರವನ್ನ ತಿರುಗಿಸೋದಿಲ್ಲ. ಚಕ್ರದಲ್ಲಿ ಸಾಕಷ್ಟು ಓಟ ಇದ್ದರೆ ಅದು ಗೊತ್ತೇ ಆಗದ ಹಾಗೆ ದಾಟುತ್ತೆ. ಇಲ್ಲದಿದ್ದರೆ ಪ್ರತಿ ಸುತ್ತಿಗೂ ಎರಡು ಸಲ ತಡವರಿಸುತ್ತೆ, ನೀವು ಕುಕ್ಕಿ ಕುಕ್ಕಿ ತುಳೀತೀರಿ.

ಆ ಓಟ ಬರೀ ಕೆಜಿಯಿಂದ ಬರಲ್ಲ. ತೂಕ ಅಂಚಿನಲ್ಲಿದೆಯಾ ನಡುವಿನಲ್ಲಿದೆಯಾ, ಚಕ್ರ ಎಷ್ಟು ಜೋರಾಗಿ ತಿರುಗುತ್ತೆ, ಇವೂ ಬೇಕು. ಅದೇ ಚಕ್ರವನ್ನ ಬೆಲ್ಟಿನ ಅನುಪಾತ ಬದಲಿಸಿ ಎರಡು ಪಟ್ಟು ವೇಗದಲ್ಲಿ ತಿರುಗಿಸಿದ್ರೆ ಅದರಲ್ಲಿ ಕೂಡಿಡೋ ಶಕ್ತಿ ನಾಲ್ಕು ಪಟ್ಟು. ಮೇವು ಕತ್ತರಿಸೋ ಕೈಮಷಿನ್ನಿನ ಚಕ್ರ ನೆನಪಿಸಿಕೊಳ್ಳಿ, ಭಾರವೆಲ್ಲಾ ಅಂಚಿನಲ್ಲೇ ಇರುತ್ತೆ. ಅದನ್ನ ಮಾಡಿದವನಿಗೆ ಬ್ರೋಷರ್ ಬರೆಯೋ ಕೆಲಸ ಇರಲಿಲ್ಲ, ಮೇವು ಕತ್ತರಿಸೋ ಕೆಲಸ ಇತ್ತು.

ಮೂರು ತಿಂಗಳಿಗೆ ಶುರುವಾಗೋ ಆ ಕಿರ್ ಕಿರ್ ಸದ್ದು? ಅಲ್ಲಾಡೋ ಕೀಲುಗಳಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಶ್ ಹಾಕಿರ್ತಾರೆ. ನಿಮ್ಮ ಪೂರ್ತಿ ಭಾರ ಹೊತ್ತು ಸಾವಿರಾರು ಸಲ ಉಜ್ಜಿದ ಮೇಲೆ ತೂತು ಅಗಲವಾಗುತ್ತೆ, ಸಲಾಕೆ ಓಲಾಡುತ್ತೆ. ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲೂ ಸಿಗೋ ಬೇರಿಂಗ್ ಹಾಕಿದ್ದರೆ ವರ್ಷಗಟ್ಟಲೆ ಬರ್ತಿತ್ತು. ಆ ದುಡ್ಡು ಎಲ್ಲಿಗೆ ಹೋಯ್ತು ಅಂದ್ರೆ ಪರದೆಗೆ ಮತ್ತು ಬ್ಲೂಟೂತಿಗೆ.

"ಅಯ್ಯೋ ಮಾರಾಯ, ಇಷ್ಟೆಲ್ಲಾ ತಲೆ ಕೆಡಿಸ್ಕೊಳ್ಳೋ ಬದಲು ರಸ್ತೆಯಲ್ಲಿ ನಡೆದ್ರಾಯ್ತಲ್ಲ" ಅಂತ ಕೆಲವರು ಹೇಳ್ತಾರೆ. ನಡೀರಿ, ಬಹಳ ಒಳ್ಳೇದು. ಫುಟ್‌ಪಾತ್ ಸಿಕ್ಕಿದ ಕಡೆ ನಡೀರಿ. ಆದರೆ ರಾತ್ರಿ ಹತ್ತಕ್ಕೆ ಕಾಲ್ ಮುಗಿಸೋ ಹುಡುಗಿ, ಗುಂಡಿ ಬಿದ್ದ ರಸ್ತೆಗೆ ಹೆದರೋ ಅಜ್ಜಿ, ಮಳೆಗಾಲದ ನಾಲ್ಕು ತಿಂಗಳು, ಇವಕ್ಕೆಲ್ಲಾ ಮನೆಯೊಳಗಿನ ಮಷಿನ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತೆ. ಒಳ್ಳೆಯ ಎಲಿಪ್ಟಿಕಲ್ ಒಳ್ಳೆಯ ಮಷಿನ್ನೇ. ಅದಕ್ಕೇ ಕೆಟ್ಟದ್ದರ ಮೇಲೆ ಇಷ್ಟು ಸಿಟ್ಟು.

"ಕಡಿಮೆ ದುಡ್ಡಿಗೆ ಇಷ್ಟೇ ಬರೋದು" ಅನ್ನೋದು ಇನ್ನೊಂದು ಮಾತು. ಇರಬಹುದು. ಆದರೆ ಕಡಿಮೆ ದುಡ್ಡಿಗೆ ಏನು ಬರುತ್ತೆ ಅಂತ ಮೊದಲೇ ಹೇಳೋಕೆ ಒಂದು ಪೈಸೆಯೂ ಖರ್ಚಿಲ್ಲ. ಮೊಬೈಲ್ ಕೊಳ್ಳುವಾಗ ಪ್ರೊಸೆಸರ್ ಹೆಸರು, ರ‍್ಯಾಮ್, ಬ್ಯಾಟರಿ ಎಲ್ಲಾ ಕೇಳಿ ಅಂಗಡಿಯವನಿಗೇ ಪಾಠ ಮಾಡೋ ನಾವು, ಮೈಭಾರ ಪೂರ್ತಿ ಹೊರೋ ಮಷಿನ್ನಿನ ಹೆಜ್ಜೆ ಉದ್ದ ಕೇಳಲ್ಲ. ಕೇಳದೇ ಇದ್ದರೆ ಅವರು ಯಾಕೆ ಹೇಳ್ತಾರೆ?

ಹಾಗಾಗಿ ಅಂಗಡಿಗೆ ಹೋಗುವಾಗ ಟೇಪು ತಗೊಂಡು ಹೋಗಿ. ಪೆಡಲನ್ನ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಮುಂದಿನ ತುದಿಯಿಂದ ಹಿಂದಿನ ತುದಿಗೆ ಅಳೆಯಿರಿ, ಕೆಳಗಿಂದ ಮೇಲಕ್ಕೆ ಅಳೆಯಿರಿ. ಎತ್ತರ ಉದ್ದದ ಅರ್ಧಕ್ಕಿಂತ ಜಾಸ್ತಿ ಇದ್ದರೆ ಅದು ಮೆಟ್ಟಿಲು. ಐದಡಿಯವರಿಗೆ 20 ಇಂಚು ಎಳೆದಾಟ ಆಗುತ್ತೆ, ಆರಡಿಯವರಿಗೆ 14 ಇಂಚು ಸಂಕೋಲೆ. ಹಾಗಾಗಿ ಯಾರು ಬಳಸ್ತಾರೋ ಅವರನ್ನೇ ಕರಕೊಂಡು ಹೋಗಿ ಹತ್ತಿಸಿ. ಎರಡು ನಿಮಿಷ ಅಲ್ಲ, ಹದಿನೈದು ನಿಮಿಷ. ಪೆಡಲ್ ನಡುವಿನ ಅಗಲ ಅಳೆಯಿರಿ. ಪೆಡಲ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ, ಹೊಸದರಲ್ಲೇ ಲೊಡಲೊಡ ಅಂದ್ರೆ ಬಿಟ್ಟುಬನ್ನಿ. ಕೀಲಿನಲ್ಲಿ ಬೇರಿಂಗಾ ಬುಶ್ಶಾ ಅಂತ ಕೇಳಿ. ಅಂಗಡಿಯವನು ಮುಖ ಮುಖ ನೋಡಿದ್ರೆ ಕಂಪನಿಗೆ ಮೇಲ್ ಹಾಕಿ. ಹತ್ತು ಜನ ಕೇಳಿದ್ರೆ ಅವರಿಗೆ ತೊಂದರೆ, ಸಾವಿರ ಜನ ಕೇಳಿದ್ರೆ ಡಬ್ಬದ ಮೇಲೆ ಅಚ್ಚಾಗುತ್ತೆ.

ಇನ್ನು ಮೆಕ್ಯಾನಿಕಲ್ ಓದಿ ಕೋಡ್ ಬರೀತಿರೋ ನನ್ನ ಬಳಗಕ್ಕೆ ಒಂದು ಮಾತು. ನಾಲ್ಕನೇ ಸೆಮಿಸ್ಟರಿನ ಆ ಶೀಟ್ ಹಳೇ ಪೇಪರಿನವನಿಗೆ ಹೋಗಿರಬಹುದು, ಕಲಿತದ್ದು ಹೋಗಿಲ್ಲ. ನೆಂಟರು, ಗೆಳೆಯರು, ಅಪಾರ್ಟ್‌ಮೆಂಟ್ ಕಮಿಟಿಯವರು ಮಷಿನ್ ಕೊಳ್ಳುವಾಗ ಆ್ಯಪ್ ರೇಟಿಂಗ್ ಕಳಿಸಬೇಡಿ. ಒಂದು ಕಾಗದದ ಮೇಲೆ ವೃತ್ತ, ಗೆರೆ, ನಡುವೆ ಸಲಾಕೆ ಬರೆದು ತೋರಿಸಿ. ಐದು ನಿಮಿಷದ ಕೆಲಸ. ಅದನ್ನ ನೋಡಿದ ಒಬ್ಬ ತಾಯಿಯಾದ್ರೂ "ನನ್ನ ಕಾಲೇ ಸರಿ ಇಲ್ಲ" ಅನ್ನೋದನ್ನ ಬಿಟ್ಟು "ಈ ಮಷಿನ್ ನನಗಾಗಲ್ಲ, ವಾಪಸ್ ಕಳಿಸು" ಅಂದ್ರೆ, ನಮ್ಮ ಬಿ.ಇ. ಡಿಗ್ರಿ ಅಷ್ಟರಮಟ್ಟಿಗೆ ಸಾರ್ಥಕ.